ಮೆಮೊರಿ ಹಂಚುವುದು ಗುಮಾಸ್ತಿಕೆಯಲ್ಲ

2004ರ ಜನವರಿ 21ರಂದು, ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿದ್ದ ನಾಸಾದ ಸ್ಪಿರಿಟ್ ರೋವರ್ ಭೂಮಿಯ ಜೊತೆ ಸರಿಯಾಗಿ ಮಾತಾಡುವುದನ್ನು ನಿಲ್ಲಿಸಿತು. ಇಳಿದು ಮೂರು ವಾರವೂ ಆಗಿರಲಿಲ್ಲ. ಚಕ್ರ ಮುರಿದಿರಲಿಲ್ಲ, ಸೌರಫಲಕ ಕೆಟ್ಟಿರಲಿಲ್ಲ. ಒಳಗಿನ ಕಂಪ್ಯೂಟರ್ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಮೂರು ದಿನಗಳಲ್ಲಿ 60ಕ್ಕೂ ಹೆಚ್ಚು ಸಲ ಹೀಗಾಯಿತು. ರಾತ್ರಿ ಮಲಗಬೇಕಾದ ಯಂತ್ರ ಮಲಗದೆ ಬ್ಯಾಟರಿ ತೀರಿಸಿಕೊಳ್ಳುತ್ತಿತ್ತು.

ಸ್ಪಿರಿಟ್‌ನಲ್ಲಿದ್ದದ್ದು 128 ಎಂಬಿ ರ‍್ಯಾಮ್, 256 ಎಂಬಿ ಫ್ಲ್ಯಾಶ್, ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಫ್ಲ್ಯಾಶಿನಲ್ಲಿದ್ದ ಫೈಲುಗಳ ಪಟ್ಟಿಯ ಒಂದು ಪ್ರತಿ ರ‍್ಯಾಮಿನಲ್ಲಿ ಇರುತ್ತಿತ್ತು. ಫೈಲನ್ನು ಅಳಿಸಿದರೂ ಪಟ್ಟಿಯಲ್ಲಿ ಅದರ ಸಾಲು ಉಳಿಯುತ್ತಿತ್ತು. ಹಾಗಾಗಿ ಪಟ್ಟಿ ಬೆಳೆಯುತ್ತಿತ್ತೇ ಹೊರತು ಕುಗ್ಗುತ್ತಿರಲಿಲ್ಲ. ಏಳು ತಿಂಗಳ ಪಯಣದ ಫೈಲುಗಳ ಮೇಲೆ ಮಂಗಳದ ಫೈಲುಗಳೂ ಸೇರಿದವು. ಇಷ್ಟಾದರೂ ಅನಾಹುತ ಆಗಬೇಕಿರಲಿಲ್ಲ. ಆಗುವಂತೆ ಮಾಡಿದ್ದು ಎರಡು ಸೆಟ್ಟಿಂಗ್‌ಗಳು. ಒಂದು, ಫೈಲ್ ವ್ಯವಸ್ಥೆ ತನ್ನ ಪಾಲು ಮುಗಿದ ಮೇಲೆ ಎಲ್ಲರ ಪಾಲಿನ ಮೆಮೊರಿಗೂ ಕೈಹಾಕಲು ಮಿತಿಯಿಲ್ಲದ ಅನುಮತಿ ಕೊಟ್ಟಿತ್ತು. ಇನ್ನೊಂದು, ಮೆಮೊರಿ ಸಿಗದಿದ್ದರೆ ಕೇಳಿದ ಕೆಲಸವನ್ನೇ ಅಮಾನತು ಮಾಡುತ್ತಿತ್ತು. ಕೆಲಸ ಅಮಾನತಾಯಿತು, ಕಂಪ್ಯೂಟರ್ ಮರುಚಾಲನೆಗೊಂಡಿತು, ಎದ್ದೊಡನೆ ಅದೇ ಪಟ್ಟಿಯನ್ನು ಓದಹೋಗಿ ಮತ್ತೆ ಬಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಬಾಹ್ಯಾಕಾಶ ಸಾಹಸವೆಂದು ಹೇಳಲಾಗುತ್ತದೆ. ಪುಣೆಯಲ್ಲೋ ಚೆನ್ನೈಯಲ್ಲೋ ವಾಹನದೊಳಗಿನ ಪುಟ್ಟ ಬೋರ್ಡಿಗೆ ಸಾಫ್ಟ್‌ವೇರ್ ಬರೆಯುವ ಇಂಜಿನಿಯರಿಗೆ ಇದರಲ್ಲಿ ಸಿಗುವುದು ಬೇರೆಯೇ ಪಾಠ. ‘ಕಾನ್ಫಿಗರೇಶನ್’ ಎಂದು ಕರೆದೊಡನೆ ಅದು ಅರ್ಜಿ ತುಂಬುವ ಕೆಲಸದಂತೆ ಕೇಳಿಸುತ್ತದೆ. ನಿಜದಲ್ಲಿ ಅದು ತೀರ್ಮಾನ. ಯಾರಿಗೆ ಎಷ್ಟು, ತೀರಿದರೆ ಏನು ಎಂಬ ತೀರ್ಮಾನ. ಅದನ್ನು ಯಾರೂ ಮಾಡದಿದ್ದರೆ, ಮಾದರಿ ಪ್ರಾಜೆಕ್ಟ್ ಬರೆದ ಅಪರಿಚಿತ ಯಾವಾಗಲೋ ಮಾಡಿಟ್ಟದ್ದೇ ಜಾರಿಗೆ ಬರುತ್ತದೆ.

ಎಸ್‌ಟಿಎಂ32ಎಫ್103ಸಿ8 ಎಂಬ ಅಗ್ಗದ ಚಿಪ್ಪಿನಲ್ಲಿ ಇರುವುದು 20 ಕೆಬಿ ರ‍್ಯಾಮ್. ಲಿಂಕರ್ ಸ್ಕ್ರಿಪ್ಟ್ ಎಂಬ ಸಣ್ಣ ಫೈಲು ಈ ಜಾಗಕ್ಕೆ ಗಡಿಕಲ್ಲು ನೆಡುತ್ತದೆ: ಇಲ್ಲಿಂದ ಸ್ಥಿರ ದತ್ತಾಂಶ, ಇಲ್ಲಿಂದ ಬೇಕಾದಾಗ ಕಡ ಪಡೆಯುವ ಹೀಪ್, ಕೊನೆಯಲ್ಲಿ ಸ್ಟ್ಯಾಕ್. ಹೀಪ್ ಮೇಲಕ್ಕೆ ಬೆಳೆಯುತ್ತದೆ, ಸ್ಟ್ಯಾಕ್ ಕೆಳಕ್ಕೆ. ನಡುವೆ ಬೇಲಿ ಇರುವುದಿಲ್ಲ. ಎರಡೂ ಒಂದರ ಮೇಲೊಂದು ಬಂದರೆ ಯಂತ್ರ ಕೂಗಿಕೊಳ್ಳುವುದೂ ಇಲ್ಲ. ಎಲ್ಲೋ ಒಂದು ಅಂಕಿ ಬದಲಾಗುತ್ತದೆ, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿದೆ. ಇಲ್ಲಿ ಕಾಲು ಚಾಚಿದವನಿಗೆ ಹಾಸಿಗೆ ಮುಗಿದದ್ದು ಗೊತ್ತೇ ಆಗುವುದಿಲ್ಲ.

ಬರೆದ ಅಂಕಿಯ ಅರ್ಥವೂ ಸ್ಥಿರವಲ್ಲ. ಈ ಚಿಪ್ಪಿನ ಮೇಲೆ ಫ್ರೀಆರ್‌ಟಿಓಎಸ್‌ನಲ್ಲಿ ಒಂದು ಕೆಲಸಕ್ಕೆ 128 ಸ್ಟ್ಯಾಕ್ ಎಂದು ಬರೆದರೆ 512 ಬೈಟ್ ಸಿಗುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ನಾಲ್ಕು ಬೈಟಿನ ಪದಗಳನ್ನು. ಇಎಸ್‌ಪಿ32 ಚಿಪ್ಪಿಗೆ ಅದರ ತಯಾರಕರೇ ಕೊಡುವ ಫ್ರೀಆರ್‌ಟಿಓಎಸ್‌ನಲ್ಲಿ ಅದೇ ಜಾಗದಲ್ಲಿ ಬರೆಯುವುದು ಬೈಟ್‌ಗಳನ್ನು. ಮೊದಲನೆಯದರಿಂದ ಎರಡನೆಯದಕ್ಕೆ ನಕಲು ಮಾಡಿದ ಸಾಲು ಕಾಲುಭಾಗ ಜಾಗದಲ್ಲಿ ಓಡಲು ಹೊರಡುತ್ತದೆ. ಕಂಪೈಲರ್ ತಕರಾರು ಮಾಡುವುದಿಲ್ಲ.

ಅಳೆಯುವ ದಾರಿ ಇದೆ. ಫ್ರೀಆರ್‌ಟಿಓಎಸ್ ಸ್ಟ್ಯಾಕಿನ ತುಂಬ ಎ5 ಎಂಬ ಗುರುತು ಬಳಿದಿಟ್ಟು, ಎಲ್ಲಿಯವರೆಗೆ ಅದು ಅಳಿಸಿದೆ ಎಂದು ಆಮೇಲೆ ನೋಡಬಲ್ಲದು. ಕೆರೆ ಏರಿಯ ಕಲ್ಲಿನ ಮೇಲೆ ನೀರು ಉಳಿಸಿಹೋದ ಗೆರೆಯ ಹಾಗೆ. ಆದರೆ ಗೆರೆ ತೋರಿಸುವುದು ಬಂದುಹೋದ ಮಳೆಯನ್ನು ಮಾತ್ರ. ಅಳತೆ ಮಾಡಿದವರು ಯಾವ ಪರೀಕ್ಷೆಯಲ್ಲಿ, ಎಷ್ಟು ಹೆಚ್ಚುವರಿ ಬಿಟ್ಟು ಆ ಅಂಕಿ ಬರೆದರು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು. ಕಾರಣವಿಲ್ಲದ ಅಂಕಿಯನ್ನು ಪರಿಶೀಲಕರು ವಾಪಸ್ ಕಳಿಸಬೇಕು.

ಎಲ್ಲರಿಗೂ ಮೊದಲೇ ಪಾಲು ಕಟ್ಟಿಟ್ಟರೆ ಜಾಗ ವ್ಯರ್ಥವಾಗುತ್ತದೆ ಎಂಬ ಆಕ್ಷೇಪ ಇದೆ, ಅದು ಸುಳ್ಳಲ್ಲ. ಎಲ್ಲ ಕೆಲಸಗಳೂ ಒಂದೇ ಕ್ಷಣಕ್ಕೆ ತುತ್ತತುದಿ ಮುಟ್ಟುವುದು ಅಪರೂಪ. ಬ್ಲೂಟೂತ್, ನೆಟ್‌ವರ್ಕ್ ಇರುವ ಕಡೆ ಹೀಪ್ ಬೇಡವೆಂದು ಹಟ ಹಿಡಿಯುವುದೂ ಕಷ್ಟ. ಆಗ ಅವುಗಳಿಗೆ ಮಿತಿಯಿರುವ ಬೇರೆ ಬೇರೆ ಕೊಳಗಳನ್ನು ಕೊಡಬಹುದು. ಒಂದು ಬತ್ತಿದರೆ ಅದರ ಕೆಲಸ ಮಾತ್ರ ನಿಲ್ಲಲಿ, ಬ್ರೇಕ್ ನೋಡಿಕೊಳ್ಳುವ ಕೆಲಸ ನಡೆಯುತ್ತಿರಲಿ. ಉಳಿತಾಯದ ಹೆಸರಲ್ಲಿ ಎಲ್ಲರನ್ನೂ ಒಂದೇ ಹಂಡೆಗೆ ಬಿಡುವ ವಾದಕ್ಕೆ ಸ್ಪಿರಿಟ್‌ನ ಕಥೆಯೇ ಉತ್ತರ.

ಸ್ಪಿರಿಟ್ ಉಳಿದದ್ದೂ ಇಂಥದ್ದೇ ಒಂದು ತೀರ್ಮಾನದಿಂದ. ಫ್ಲ್ಯಾಶನ್ನು ಮುಟ್ಟದೆಯೇ ಎದ್ದೇಳು ಎಂಬ ಆದೇಶಕ್ಕೆ ಯಾರೋ ಮೊದಲೇ ಅವಕಾಶ ಇಟ್ಟಿದ್ದರು. ಜೆಪಿಎಲ್ ಅದನ್ನು ಕಳಿಸಿತು, ಫೆಬ್ರವರಿಯಲ್ಲಿ ಫ್ಲ್ಯಾಶ್ ಅಳಿಸಿ ಹೊಸದಾಗಿ ಸಿದ್ಧಪಡಿಸಿತು. 90 ದಿನಕ್ಕೆಂದು ಹೋದ ರೋವರ್ 2010ರ ಮಾರ್ಚ್‌ವರೆಗೆ ಸುದ್ದಿ ಕಳಿಸುತ್ತಿತ್ತು.