ಬೀಜ, ತಂತ್ರಾಂಶ ಮತ್ತು ಸಮುದಾಯದ ಹಕ್ಕು

ಇಪ್ಪತ್ತು ವರ್ಷಗಳ ಹಿಂದೆ, ವಿದ್ಯಾರ್ಥಿಯಾಗಿದ್ದಾಗ, ನಮ್ಮ ಗುಡ್ಡದ ಸೀಮೆಯಿಂದ ಇಳಿದು ಚಿಕ್ಕೋಡಿ, ರಾಯಬಾಗ, ಅಥಣಿಯ ಎರೆಭೂಮಿಯಲ್ಲಿ ತಿರುಗಾಡಿದ್ದೆ. ಹಿಂಗಾರಿ ಜೋಳದ ತಳಿಗಳ ಕುರಿತು ಹಿರಿಯ ರೈತರು ಹೇಳಿದ್ದನ್ನೆಲ್ಲ ಬರೆದುಕೊಂಡು, ಕನ್ನಡದಲ್ಲಿಯೇ ಬೆರಳಚ್ಚಿಸಿ ಗಣಕದಲ್ಲಿ ಕಾಪಿಟ್ಟೆ. ಕೆಲವು ವರ್ಷಗಳ ಬಳಿಕ ಬೇರೊಂದು ಗಣಕದಲ್ಲಿ ಕಡತ ತೆರೆದರೆ ಕಂಡದ್ದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯಾವ ಸಂಕೇತ ಯಾವ ಅಕ್ಷರವೆಂಬ ನಿಯಮ ಒಂದು ತಂತ್ರಾಂಶಕ್ಕೆ ಕಟ್ಟುಬಿದ್ದಿತ್ತು. ಆ ತಂತ್ರಾಂಶ ನನ್ನ ಬಳಿ ಉಳಿದಿರಲಿಲ್ಲ. ಕೊನೆಗೆ ಕನ್ನಡದ ಸ್ವಯಂಸೇವಕರು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಪರಿವರ್ತಕವೊಂದು ಅದನ್ನು ಯೂನಿಕೋಡ್‌ಗೆ ತಂದಿತು. ಅಷ್ಟರಲ್ಲಿ ಮಾಹಿತಿ ನೀಡಿದ ಹಿರಿಯರಲ್ಲಿ ಹಲವರು ತೀರಿಕೊಂಡಿದ್ದರು. ಕಡತ ತೆರೆಯದೇ ಹೋಗಿದ್ದರೆ ಅವರ ಅರಿವು ಎರಡನೆಯ ಬಾರಿ ಸಾಯುತ್ತಿತ್ತು.

ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೂ ಇಂಥ ಕಟ್ಟಿನ ವಿರುದ್ಧವೇ. 1960ರ ದಶಕದ ಸಂಶೋಧನಾಲಯಗಳಲ್ಲಿ ತಂತ್ರಾಂಶದ ಆಕರ ಸಂಕೇತ, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರಹ, ಕೈಯಿಂದ ಕೈಗೆ ಸಾಗುತ್ತಿತ್ತು. ಮುಂದೆ ಕಂಪನಿಗಳು ಅದನ್ನು ಮುಚ್ಚಿಟ್ಟು ಮಾರತೊಡಗಿದವು. ಇದನ್ನು ಒಪ್ಪದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅವರು ಹೊರತಂದ ಜಿಪಿಎಲ್ ಪರವಾನಗಿಯ ಸಾರ ಸರಳ: ಬಳಸಿ, ಅಭ್ಯಸಿಸಿ, ತಿದ್ದಿ, ಹಂಚಿ, ಆದರೆ ತಿದ್ದಿ ಹಂಚುವವರು ಪಡೆಯುವವರಿಗೂ ಅದೇ ಸ್ವಾತಂತ್ರ್ಯ ಕೊಡಬೇಕು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮರುವರ್ಷ ಈ ಪರವಾನಗಿಗೆ ಒಳಪಟ್ಟು, ಸಾವಿರಾರು ಜನರ ದುಡಿಮೆಯಿಂದ ಬೆಳೆಯಿತು. ‘ಓಪನ್ ಸೋರ್ಸ್’ ಎಂಬ ಹೆಸರು ಬಂದದ್ದು 1998ರಲ್ಲಿ. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್.

ರೈತರಿಗೆ ಈ ನೀತಿ ಹೊಸತಲ್ಲ. ಉತ್ತರ ಕರ್ನಾಟಕದ ಹೊಲಗಳಲ್ಲಿ ನೆಲೆಸಿದ ಎಂ 35-1 ಜೋಳವನ್ನು ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರೇ ಉಳಿಸಿಕೊಂಡು ಬಂದ ಮಾಲದಂಡಿ ತಳಿಯಿಂದ ಆಯ್ದರು. ರೈತರಿಂದ ಪಡೆದದ್ದು ರೈತರಿಗೇ ಮರಳಿತು. ಬೀಜವನ್ನು ಉಳಿಸುವ, ವಿನಿಮಯ ಮಾಡುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ರೈತನ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆ ಮನ್ನಿಸಿದೆ. ಅಮೆರಿಕದ ತಳಿವಿಜ್ಞಾನಿಗಳು 2014ರಲ್ಲಿ ತಂತ್ರಾಂಶದ ಮಾದರಿಯನ್ನೇ ಅನುಸರಿಸಿ, ಇತರರ ಬಳಕೆಗೆ ಅಡ್ಡಿಪಡಿಸುವುದಿಲ್ಲವೆಂಬ ಪ್ರತಿಜ್ಞೆಯೊಡನೆ ಬೀಜಗಳನ್ನು ಬಿಡುಗಡೆ ಮಾಡಿದರು.

ಆದರೆ ಎಲ್ಲರದೆಂಬುದು ಯಾರದೂ ಅಲ್ಲವೆಂದಾಗಬಾರದು. ಜಗತ್ತಿನ ಅಸಂಖ್ಯ ಜಾಲತಾಣಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ಗಂಭೀರ ದೋಷ ಕಂಡುಬಂದಾಗ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನರೆಂಬುದು ಬಯಲಾಯಿತು. ಊರ ಕೆರೆಯ ಹೂಳನ್ನು ಊರೇ ಎತ್ತಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಬೀಜ, ಒರತೆ, ಔಷಧಿ ಸಸ್ಯ, ದೇವರಕಾಡುಗಳ ದಾಖಲೆಯನ್ನು ಯೂನಿಕೋಡ್ ಕನ್ನಡದಲ್ಲಿ, ಯಾವ ಗಣಕದಲ್ಲಾದರೂ ತೆರೆಯಬಲ್ಲ ಮುಕ್ತ ರೂಪದಲ್ಲಿ ಇಡಿರಿ. ಹಂಚಬಹುದಾದುದನ್ನು ಊರವರ ಒಪ್ಪಿಗೆ ಪಡೆದು ಹಂಚಿರಿ. ಬೀಜವನ್ನು ಕಾಯ್ದವರ ಮಕ್ಕಳು ಅದರ ಅರಿವಿಗೆ ಪರರ ಬೀಗ ಬೀಳಲು ಬಿಡಬಾರದು.