ಡಬ್ಬದಲ್ಲಿ ಲೆಟ್ಯೂಸ್: ಗೊಬ್ಬರ ಕಳಿತಿದೆಯೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಂಗಳಗಳಲ್ಲಿ ಹರಿವೆ, ಬಸಳೆ ಇದ್ದದ್ದೇ. ಹಟ್ಟಿಗೊಬ್ಬರ ಉಂಡು ಬೆಳೆದರೂ ಅವು ಬೆಂದೇ ಬಟ್ಟಲಿಗೆ ಬರುತ್ತವೆ. ಲೆಟ್ಯೂಸ್ ಹಾಗಲ್ಲ, ಅದನ್ನು ಹಸಿಯಾಗಿಯೇ ತಿನ್ನುವುದು. ಹಸಿ ಸಗಣಿಯಲ್ಲಿ ರೋಗ ತರುವ ಇ. ಕೋಲಿ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದ ಸಾವಯವ ಕೃಷಿ ನಿಯಮದಂತೆ, ಮಣ್ಣಿಗೆ ತಾಗುವ ಇಂಥ ಬೆಳೆಗೆ ಹಸಿ ಗೊಬ್ಬರ ಸೇರಿಸಿದರೆ ಕೊಯ್ಲಿಗೆ 120 ದಿನ ಕಾಯಬೇಕು. ಲೆಟ್ಯೂಸ್ ಎಲೆಯೋ ಎರಡು ತಿಂಗಳೊಳಗೇ ಸಿದ್ಧ! ಆದ್ದರಿಂದ ತಿಂಗಳುಗಟ್ಟಲೆ ಕಳಿತು ಪುಡಿಯಾದ ಗೊಬ್ಬರವೇ ಬೇಕು.

ಖಾಲಿ ಎಣ್ಣೆ ಕ್ಯಾನಿನ ತಳಕ್ಕೆ ನಾಲ್ಕೈದು ತೂತು ಮಾಡಿ. ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದು. ಕೀಟನಾಶಕದ ಡಬ್ಬ ಮಾತ್ರ ಎಷ್ಟು ತೊಳೆದರೂ ಬೇಡ. ಕರಾವಳಿಯ ಸೆಕೆಗೆ ಲೆಟ್ಯೂಸ್ ಬೇಗ ಹೂದಂಟು ಬಿಟ್ಟು ಕಹಿಯಾಗುತ್ತದೆ. ಡಿಸೆಂಬರಿನಲ್ಲಿ ಬಿತ್ತಿ, ಮಧ್ಯಾಹ್ನ ನೆರಳಲ್ಲಿಡಿ. ನೀರು ಬುಡಕ್ಕೆ ಹೊಯ್ಯಿರಿ, ಮಣ್ಣು ಎಲೆಗೆ ಸಿಡಿಯದಂತೆ.