ಮಣಿಗೆಲಸ

ಸೂಜಿದಾರ ಹಿಡಿದು, ತಟ್ಟೆಯಲ್ಲಿ ಹರವಿದ ಗಾಜಿನ ಮಣಿಗಳನ್ನು ಒಂದೊಂದಾಗಿ ಪೋಣಿಸುತ್ತ ಕುಳಿತವರನ್ನು ಕಂಡು, “ಮಾಡಲು ಬೇರೆ ಕೆಲಸವಿಲ್ಲವೇ?” ಎಂದು ಕೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ವೀಣೆ ಕಲಿಯುವವರನ್ನಾಗಲಿ ಚದುರಂಗವಾಡುವವರನ್ನಾಗಲಿ ಯಾರೂ ಹೀಗೆ ಕೇಳುವುದಿಲ್ಲ. ಮಣಿಗೆಲಸವೆಂದರೆ ಹೊತ್ತು ಹೋಗದವರ ಕಾಲಹರಣ, ಹೆಚ್ಚೆಂದರೆ ಹುಡುಗಿಯರ ಆಟ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಈ ಭಾವನೆಗೆ ಆಧಾರವಿಲ್ಲ.

ಮನುಷ್ಯನು ಬೇಸಾಯವನ್ನು ಕಲಿಯುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಮಣಿ ಪೋಣಿಸುವುದನ್ನು ಕಲಿತಿದ್ದನು. ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಗುಹೆಯಲ್ಲಿ ದೊರೆತ, ತೂತು ಮಾಡಿದ ಪುಟ್ಟ ಚಿಪ್ಪುಗಳು ಸುಮಾರು 75,000 ವರ್ಷಗಳಷ್ಟು ಹಳೆಯವು. ಗುಜರಾತಿನ ಲೋಥಲಿನಲ್ಲಿ ಹರಪ್ಪ ನಾಗರಿಕತೆಯ ಕಾಲದ ಮಣಿ ಕಾರ್ಖಾನೆಯೇ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಕಾರ್ನೀಲಿಯನ್ ಎಂಬ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಅದರ ಕೆಂಪನ್ನು ಗಾಢಗೊಳಿಸಿ, ಆ ಬಳಿಕ ಅದಕ್ಕೆ ರಂಧ್ರ ಕೊರೆಯುತ್ತಿದ್ದರು. ಆ ನಾಗರಿಕತೆಯ ನೀಳವಾದ ಕೆಂಪು ಮಣಿಗಳು ಕಡಲು ದಾಟಿ, ಮೆಸೊಪೊಟೇಮಿಯದ ಊರ್ ನಗರದ ರಾಜಗೋರಿಗಳನ್ನು ಸೇರಿದ್ದವು. ಅವುಗಳನ್ನು ತೊಟ್ಟವರಲ್ಲಿ ಕೆಲವರ ಹೆಸರು ಇಂದು ತಿಳಿದಿದೆ. ಕೊರೆದವರಲ್ಲಿ ಒಬ್ಬರ ಹೆಸರೂ ತಿಳಿದಿಲ್ಲ.

ಗಾಜಿನ ಮಣಿಯ ಕಥೆಯೂ ಸ್ವಾರಸ್ಯವಾದುದು. ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಮಣಿ ತಯಾರಿಕೆ ನಡೆದಿತ್ತು. ಅಂಥದೇ ವಿಧಾನವೊಂದು ಆಂಧ್ರಪ್ರದೇಶದಲ್ಲಿ, ತಿರುಪತಿಯ ಬಳಿಯ ಪಾಪಾನಾಯ್ಡುಪೇಟೆ ಎಂಬ ಹಳ್ಳಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಬದುಕಿತ್ತು. ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯೊಳಗೆ ಪೊಳ್ಳು ಮಾಡಿ, ಅದನ್ನು ಎಳೆದರೆ ಉದ್ದವಾದ ಸಣ್ಣ ಕೊಳವೆಯಾಗುತ್ತದೆ. ಮುದ್ದೆಯಲ್ಲಿದ್ದ ಪೊಳ್ಳು ಎಳೆದಷ್ಟೂ ಸಣ್ಣದಾಗುತ್ತದೆಯೇ ಹೊರತು ಮುಚ್ಚಿಹೋಗುವುದಿಲ್ಲ. ಆ ಕೊಳವೆಯನ್ನು ತುಂಡು ತುಂಡಾಗಿ ಕತ್ತರಿಸಿ, ತೂತುಗಳು ಮುಚ್ಚದಂತೆ ಬೂದಿಯೊಡನೆ ಕಲಸಿ ಮತ್ತೆ ಕಾಯಿಸಿದರೆ ಹರಿತವಾದ ಅಂಚುಗಳು ಕರಗಿ ದುಂಡಗಾಗುತ್ತವೆ. ಒಂದೊಂದು ಮಣಿಗೂ ಬೇರೆ ಬೇರೆಯಾಗಿ ತೂತು ಕೊರೆಯುವ ಶ್ರಮವನ್ನು ಈ ಒಂದು ಉಪಾಯ ತಪ್ಪಿಸಿತು. ಇದನ್ನು ಮಕ್ಕಳ ಆಟವೆನ್ನುವುದು ಹೇಗೆ?

ಹವ್ಯಾಸಿಯು ಕುಲುಮೆಯ ಮುಂದೆ ಕುಳಿತುಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ತೂಕಕ್ಕೆ ದೊರೆಯುವ ಮಣಿ, ಅದರ ತೂತಿನಲ್ಲಿ ಹಲವು ಸಲ ಹಾಯಬಲ್ಲ ಸಪೂರವಾದ ಸೂಜಿ, ಗಟ್ಟಿಯಾದ ದಾರ ಇಷ್ಟಿದ್ದರೆ ಸಾಕು. ಮಣಿಗಳ ಅಳತೆಯಲ್ಲಿ ಒಂದು ವಿಚಿತ್ರವಿದೆ: ಸಂಖ್ಯೆ ಹೆಚ್ಚಿದಂತೆ ಗಾತ್ರ ಕುಗ್ಗುತ್ತದೆ. ಎಂಟನೆಯ ಅಳತೆಯ ಮಣಿಗಿಂತ ಹನ್ನೊಂದನೆಯದು ಚಿಕ್ಕದು. ಅದರ ಅಡ್ಡಗಲ ಸುಮಾರು 2 ಮಿಲಿಮೀಟರು. ಒಂದೇ ಸರವಾಗಿ ಪೋಣಿಸುವುದು ಯಾರಿಗೂ ಸಾಧ್ಯ. ಆದರೆ ಮಣಿಯಿಂದ ಪಟ್ಟಿಯನ್ನೋ ಬಳೆಯನ್ನೋ ಹೆಣೆಯಹೊರಟಾಗ ಲೆಕ್ಕ ಬೇಕಾಗುತ್ತದೆ. ಚೌಕಳಿ ಕಾಗದದ ಒಂದು ಮನೆಗೆ ಒಂದು ಮಣಿಯೆಂದು ಮೊದಲೇ ಚಿತ್ರ ಬರೆದುಕೊಳ್ಳಬೇಕು. ನಲವತ್ತು ಮಣಿ ಅಗಲದ ಪಟ್ಟಿಯಲ್ಲಿ ಹೂವೊಂದು ನಟ್ಟನಡುವೆ ಬರುವಂತಿಲ್ಲ, ಏಕೆಂದರೆ ನಲವತ್ತಕ್ಕೆ ನಡುವಣ ಮಣಿಯೇ ಇಲ್ಲ, ನಲವತ್ತೊಂದಕ್ಕೆ ಇದೆ. ಸಮ ಬೆಸಗಳ ಭೇದವನ್ನು ಕಪ್ಪು ಹಲಗೆಯ ಮೇಲೆ ನೋಡಿ ಮರೆತ ಬಾಲಕನು ಇಲ್ಲಿ ಅದನ್ನು ಮರೆಯಲಾರನು.

ಮೂರನೆಯ ಸಾಲಿನಲ್ಲಿ ಆದ ತಪ್ಪು ಅನೇಕ ವೇಳೆ ಹತ್ತನೆಯ ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ. ಆಗ ಏಳು ಸಾಲನ್ನು ಬಿಚ್ಚಬೇಕು. ಹೆಚ್ಚಾಗಿ ಸೇರಿದ್ದು ಒಂದೇ ಮಣಿಯಾದರೆ, ಅದರ ತೂತಿನಲ್ಲಿ ಸೂಜಿಯನ್ನು ತೂರಿಸಿಟ್ಟು ಇಕ್ಕಳದಿಂದ ಮೆಲ್ಲಗೆ ಒಡೆದು ತೆಗೆಯುವುದುಂಟು; ಗಾಜಿನ ಚೂರು ದಾರವನ್ನು ಕೊಯ್ಯದಂತೆ ಸೂಜಿ ಕಾಯುತ್ತದೆ. ಕಡಿಮೆಯಾದ ಮಣಿಗೆ ಇಂಥ ಉಪಾಯವಿಲ್ಲ. ಅದಕ್ಕೆ ಬಿಚ್ಚುವುದೊಂದೇ ದಾರಿ. ಬಿಚ್ಚಿ ಮತ್ತೆ ಹೆಣೆಯುವ ತಾಳ್ಮೆಯನ್ನು ಉಪನ್ಯಾಸಗಳು ಕಲಿಸಲಾರವು. ಈ ಕೆಲಸವನ್ನು ಹುಡುಗರಿಗೆ ನಿಷೇಧಿಸಿ ಹುಡುಗಿಯರಿಗೆ ಮಾತ್ರ ಮೀಸಲಿಟ್ಟಿರುವುದು ಹುಡುಗರಿಗೇ ಆದ ನಷ್ಟ.

ಹಾಗೆಂದು ಮಣಿಯಿಂದ ಮಾಡಿದುದೆಲ್ಲ ಸುಂದರವೆನ್ನಲಾಗದು. ತಟ್ಟೆಯಲ್ಲಿರುವ ಬಣ್ಣಗಳನ್ನೆಲ್ಲ ಒಂದೇ ಹಾರದಲ್ಲಿ ತುಂಬುವ ಚಪಲ ಹೊಸಬರಿಗೆ ಸಹಜ. ಸೌರಾಷ್ಟ್ರದ ಹೆಂಗಸರು ಈ ಚಪಲವನ್ನು ಗೆದ್ದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವೆನಿಸ್ಸಿನ ಗಾಜಿನ ಮಣಿಗಳು ಪೂರ್ವ ಆಫ್ರಿಕದೊಡನೆ ವ್ಯಾಪಾರ ಮಾಡುತ್ತಿದ್ದ ಗುಜರಾತಿ ವರ್ತಕರ ಮೂಲಕ ಆ ಸೀಮೆಗೆ ಬಂದವು. ಬಿಳಿಯ ಮಣಿಗಳ ವಿಶಾಲವಾದ ನೆಲವನ್ನು ಹೆಣೆದು, ಅದರ ನಡುವೆ ಕೆಲವೇ ಬಣ್ಣಗಳಲ್ಲಿ ಆನೆ, ಗಿಳಿ, ಕುದುರೆಗಳನ್ನು ಅವರು ಮೂಡಿಸಿದರು. ಬಾಗಿಲ ತೋರಣಕ್ಕೆ, ಎತ್ತಿನ ಅಲಂಕಾರಕ್ಕೆ, ನೀರು ಹೊರುವ ಸಿಂಬಿಗೆ ಕೂಡ ಈ ಹೆಣಿಗೆ ಸಂದಿತು. ಆ ಬಿಳಿಯ ನೆಲವಿಲ್ಲದಿದ್ದರೆ ಆನೆ ಆನೆಯಾಗಿ ಕಾಣುತ್ತಿರಲಿಲ್ಲ.

ಇತ್ತೀಚೆಗೆ ಇನ್ನೊಂದು ಮಾತು ಕೇಳಿಬರುತ್ತದೆ: “ಇಷ್ಟು ಚೆನ್ನಾಗಿ ಮಾಡುತ್ತೀಯಲ್ಲ, ಮಾರಬಾರದೇ?” ಇದು ಮೆಚ್ಚುಗೆಯಂತೆ ಕಂಡರೂ ಮೊದಲಿನ ತಿರಸ್ಕಾರದ ತಮ್ಮನೇ ಸರಿ. ಎರಡು ಸಾವಿರ ಮಣಿಗಳ ಹಾರಕ್ಕೆ ಹಲವು ಸಂಜೆಗಳು ಬೇಕು. ಆ ಹೊತ್ತಿಗೆ ನ್ಯಾಯವಾದ ಕೂಲಿ ಕಟ್ಟಿದರೆ ಕೊಳ್ಳುವವರು ವಿರಳ. ಯಂತ್ರದ ಸರದ ಬೆಲೆಗೆ ಇಳಿಸಿದರೆ ಮಾಡಿದವರಿಗೆ ಮಿಗುವುದು ಕಣ್ಣುರಿ ಮಾತ್ರ. ಹೊಟ್ಟೆಪಾಡಿಗಾಗಿ ಈ ಕೆಲಸವನ್ನು ನಂಬಿದವರ ಪ್ರಶ್ನೆ ಬೇರೆ. ಅವರ ಬೆಲೆಯನ್ನು ಚೌಕಾಸಿ ಮಾಡುವುದು ಸಣ್ಣತನ. ಆದರೆ ಹವ್ಯಾಸವನ್ನು ಅಂಗಡಿಯ ತಕ್ಕಡಿಗೆ ಹಾಕಲೇಬೇಕೆಂಬ ನಿಯಮವೇನೂ ಇಲ್ಲ. ಗೆಳತಿಯ ಮದುವೆಗೆಂದು ಹೆಣೆದ ಒಂದು ಸರಕ್ಕೆ ಸಂತೆಯ ಬೆಲೆ ಕಟ್ಟುವವರು ಯಾರು?

ಕನ್ನಡ ನಾಡಿನಲ್ಲಿ ಮಣಿಯ ಮಾತು ಬಂದಾಗ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರ ನೆನಪಾಗದಿರದು. ಕುತ್ತಿಗೆಯನ್ನು ತುಂಬಿ ಎದೆಯವರೆಗೆ ಇಳಿಯುವ ಮಣಿಸರಗಳ ರಾಶಿಯೇ ಅವರ ಗುರುತು. ಅಂಕೋಲೆಯ ತುಳಸಿ ಗೌಡ ಅವರು 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಬರಿಗಾಲಿನಲ್ಲಿ, ಅದೇ ಉಡುಗೆಯಲ್ಲಿ, ಅದೇ ಮಣಿಸರಗಳಲ್ಲಿ ಹೋದರು. ಅವರು ಮರ ಬೆಳೆಸಿದವರು. ಪ್ರಶಸ್ತಿ ಬಂದುದು ಅದಕ್ಕಾಗಿ. ಆದರೆ ದೇಶದ ಪತ್ರಿಕೆಗಳಲ್ಲಿ ಅಚ್ಚಾದ ಆ ಚಿತ್ರವನ್ನು ನೋಡಿದವರು ಮಣಿಸರವನ್ನು ಬಡವರ ಒಡವೆಯೆಂದು ಮತ್ತೆ ಹೇಳಲು ಸ್ವಲ್ಪ ಹಿಂಜರಿದಿರಬೇಕು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಎಷ್ಟೋ ಮನೆಗಳ ಅಟ್ಟದ ಮೇಲೆ ಅಜ್ಜಿಯರು ಹೆಣೆದ ತೋರಣ, ಮಣಿ ಹೊದಿಸಿದ ತೆಂಗಿನಕಾಯಿ, ಚೌಕಟ್ಟಿನ ಚಿತ್ರಗಳು ಧೂಳು ಹಿಡಿದು ಬಿದ್ದಿವೆ. ಮಣಿ ಉದುರುತ್ತಿದೆಯೆಂದು ಅವುಗಳನ್ನು ಕಸದೊಡನೆ ಎಸೆಯುತ್ತಾರೆ. ಆದರೆ ಕೆಟ್ಟಿರುವುದು ಸಾಮಾನ್ಯವಾಗಿ ಗಾಜಲ್ಲ, ಹತ್ತಿಯ ದಾರ. ಮಳೆಗಾಲದ ತೇವಕ್ಕೆ ದಾರ ಜೀರ್ಣವಾಗುತ್ತದೆ. ಗಾಜು ಹಾಗೆಯೇ ಉಳಿಯುತ್ತದೆ. ಅಂಥದೊಂದು ತೋರಣ ಕೈಗೆ ಬಂದಾಗ ಮೊದಲು ಅದನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಉಳಿದಿರುವ ಸಾಲುಗಳನ್ನು ಎಣಿಸಿ, ಬಣ್ಣಬಣ್ಣದ ಪೆನ್ಸಿಲಿನಿಂದ ಚೌಕಳಿ ಕಾಗದಕ್ಕೆ ಇಳಿಸಿಕೊಳ್ಳಬೇಕು. ದಾರವನ್ನು ಕತ್ತರಿಸುವುದು ಆಮೇಲೆ. ಮಣಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ನೈಲಾನ್ ದಾರದಲ್ಲಿ ಕೆಳಗಿನ ಸಾಲಿನಿಂದ ಮತ್ತೆ ಆರಂಭಿಸಬಹುದು. ಅಜ್ಜಿ ಬದುಕಿದ್ದರೆ ಮಸಳಿದ ಸಾಲುಗಳಲ್ಲಿ ಏನಿತ್ತೆಂದು ಅವರನ್ನೇ ಕೇಳಬಹುದು.